ಕೃತಕ ಹುಲ್ಲುಹಾಸು: ಸಾಕುನಾಯಿಗಳ ಅಂಗಳದಲ್ಲಿ

ಪ್ಲಾಸ್ಟಿಕ್ ಎಳೆಗಳನ್ನು ನೇಯ್ದ ತಳಕ್ಕೆ ಪೋಣಿಸಿ, ಹಿಂಬದಿಗೆ ಅಂಟು ಬಳಿದು ತಯಾರಿಸುವ ನೆಲಹಾಸು. ಆಟದ ಮೈದಾನಕ್ಕೆಂದು ಹುಟ್ಟಿದ ಇದು ಅಮೆರಿಕದ ಬರಪೀಡಿತ ರಾಜ್ಯಗಳಲ್ಲಿ ನಾಯಿ ಸಾಕುವವರ ಹಿತ್ತಲಿಗೂ ಇಳಿಯಿತು. ಇದರ ಚರಿತ್ರೆ ಬರೆದವರು ಹೆಚ್ಚಾಗಿ ಕ್ರೀಡಾಂಗಣದ ಗೇಟಿನಲ್ಲೇ ನಿಂತಿದ್ದಾರೆ. ಹಿತ್ತಲಿನ ಪಾಲು ಕಾನೂನು ಪುಸ್ತಕಗಳಲ್ಲೂ ಹಾಸುವ ಕೆಲಸದವರ ಅನುಭವದಲ್ಲೂ ಚದುರಿಹೋಗಿದೆ.

ಮೊದಲ ಗೊಂದಲ ಜನಕನದ್ದೇ. ಫೋರ್ಡ್ ಪ್ರತಿಷ್ಠಾನದ ನೆರವಿನ ಶೈಕ್ಷಣಿಕ ಸಂಸ್ಥೆಯೊಂದು ನಗರದ ಮಕ್ಕಳಿಗೆ ಆಡಲು ಗಟ್ಟಿಯಾದ ನೆಲ ಬೇಕೆಂದು ಕೊಟ್ಟ ಪ್ರೋತ್ಸಾಹದಿಂದ, ಮೊನ್ಸಾಂಟೊ ಕಂಪನಿಯ ಅಂಗವಾದ ಕೆಮ್‌ಸ್ಟ್ರಾಂಡ್ ನೈಲಾನ್ ಹುಲ್ಲನ್ನು ರೂಪಿಸಿತು. 1964ರಲ್ಲಿ ಅದನ್ನು ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ನಗರದ ಮೋಸಸ್ ಬ್ರೌನ್ ಶಾಲೆಯಲ್ಲಿ ಹಾಸಲಾಯಿತು. ಜನಪ್ರಿಯ ಬರಹಗಳು ಆವಿಷ್ಕಾರದ ಕೀರ್ತಿಯನ್ನು ಸಂಶೋಧನಾ ತಂಡದ ಮುಖ್ಯಸ್ಥ ಡೇವಿಡ್ ಚೇನಿಗೆ ಕೊಡುತ್ತವೆ. 1967ರ ಪೇಟೆಂಟಿನಲ್ಲಿ ಇರುವ ಹೆಸರುಗಳೋ ಜೇಮ್ಸ್ ಫಾರಿಯಾ ಮತ್ತು ರಾಬರ್ಟ್ ರೈಟ್ ಅವರವು. ತಂಡದ ಕೆಲಸಕ್ಕೆ ಯಜಮಾನನ ಹೆಸರು ಅಂಟಿಕೊಳ್ಳುವುದು ಹೊಸತೇನಲ್ಲ.

ಮುಂದಿನದು ಸವೆದ ದಾರಿ. ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ ಚಾವಣಿಯ ಪಾರದರ್ಶಕ ಫಲಕಗಳಿಗೆ ಬಣ್ಣ ಬಳಿದಾಗ ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿಗೆ ಪ್ಲಾಸ್ಟಿಕ್ ಹುಲ್ಲು ಬಂದು ‘ಆಸ್ಟ್ರೋಟರ್ಫ್’ ಎನಿಸಿಕೊಂಡಿತು. ಹತ್ತು ವರ್ಷಗಳ ನಂತರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಹಾಕಿಯೂ ಇದರ ಮೇಲೇ ನಡೆಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೇ ಸ್ಥಾನಕ್ಕೆ ಕುಸಿದದ್ದನ್ನು ಕೊಡಗಿನ ಹಾಕಿಪ್ರಿಯರಿಗೆ ನೆನಪಿಸಬೇಕಾಗಿಲ್ಲ.

ನಾಯಿ ಮತ್ತು ಕೃತಕ ಹುಲ್ಲಿನ ನಂಟಿಗೆ ಟಿ.ವಿ.ಯಲ್ಲೊಂದು ವಿಚಿತ್ರ ಮುನ್ನುಡಿಯಿದೆ. 1969ರಲ್ಲಿ ಆರಂಭವಾದ ‘ದ ಬ್ರೇಡಿ ಬಂಚ್’ ಧಾರಾವಾಹಿಯ ಹಿತ್ತಲು ಸ್ಟುಡಿಯೊ ಒಳಗಿನ ಪ್ಲಾಸ್ಟಿಕ್ ಹುಲ್ಲಿನದು. ಕಥೆಯಿಂದ ನಾಯಿ ಮರೆಯಾದರೂ ಅದರ ಗೂಡು ಅಲ್ಲೇ ಉಳಿಯಿತು. ದೀಪವೊಂದು ಬಿದ್ದು ಹುಲ್ಲುಹಾಸು ಸುಟ್ಟಿದ್ದರಿಂದ, ಆ ತೂತು ಮುಚ್ಚಲು ಗೂಡನ್ನು ಬಿಟ್ಟರು ಎಂಬ ಕಥೆ ಪ್ರಚಲಿತವಾಗಿದೆ. ದಂತಕಥೆಯೇ ಇರಲಿ, ಶಾಖ ತಾಗಿದರೆ ಈ ಹಾಸು ಕರಗುವುದಂತೂ ನಿಜ.

ನಾಯಿ ಸಾಕಿದವರು ಜೀವಂತ ಹುಲ್ಲನ್ನು ಕೈಬಿಡಲು ಮುಖ್ಯ ಕಾರಣ ಕೆಸರು, ತೋಡಿದ ಗುಂಡಿಗಳು ಮತ್ತು ಹಳದಿ ಕಲೆಗಳು. ಹೆಣ್ಣುನಾಯಿಯ ಮೂತ್ರದ ಆಮ್ಲೀಯತೆಯೇ ಹುಲ್ಲನ್ನು ಸುಡುತ್ತದೆ ಎಂಬ ನಂಬಿಕೆ ಇಂದಿಗೂ ಹೋಗಿಲ್ಲ. ಸುಡುವುದು ಸಾರಜನಕ ಮತ್ತು ಲವಣಗಳ ಅತಿಪ್ರಮಾಣ. ಹೆಣ್ಣುನಾಯಿ ಕುಳಿತು ಒಂದೇ ಕಡೆ ಎಲ್ಲವನ್ನೂ ಸುರಿಯುವುದರಿಂದ ಅಪವಾದ ಅದರ ತಲೆಗೆ ಬಂದಿದೆ.

ಪ್ಲಾಸ್ಟಿಕ್ ಹಾಸಿದರೆ ಕಲೆ ಹೋಗುತ್ತದೆ, ನಾತ ಬರುತ್ತದೆ. ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಅಮೋನಿಯವಾಗಿ ಒಡೆಯುತ್ತವೆ. ಮಣ್ಣಿನ ಹುಲ್ಲಾದರೆ ಅದರಲ್ಲಿ ಒಂದಿಷ್ಟನ್ನು ಗೊಬ್ಬರವೆಂದು ಉಣ್ಣುತ್ತಿತ್ತು, ಇಲ್ಲಿ ಉಣ್ಣುವವರಿಲ್ಲ. ಹಾಗಾಗಿ ಹಿತ್ತಲಿನ ಚರಿತ್ರೆಯ ನಿಜವಾದ ತಿರುವು ಎಳೆಯ ಬಣ್ಣದಲ್ಲಿ ಅಲ್ಲ, ಕಣ್ಣಿಗೆ ಬೀಳದ ತಳದಲ್ಲಿ ಆಯಿತು. ಹಳೆಯ ತಳಕ್ಕೆ ಅಂಟು ಮೆತ್ತಿ ಅಲ್ಲಲ್ಲಿ ತೂತು ಕೊರೆಯುತ್ತಿದ್ದರು. ತೂತುಗಳ ನಡುವೆ ಮೂತ್ರ ನಿಲ್ಲುತ್ತಿತ್ತು. ನಾಯಿಗಳಿಗೆಂದೇ ಬಂದ ಹಾಸುಗಳಲ್ಲಿ ಇಡೀ ತಳವೇ ಜರಡಿಯಂತೆ ನೀರು ಬಿಡುತ್ತದೆ. ಹಾಸುವ ಕ್ರಮವೂ ಬದಲಾಯಿತು: ಮೇಲ್ಮಣ್ಣು ತೆಗೆದು, ಜಲ್ಲಿ ತುಂಬಿ, ದಮ್ಮಸ್ಸು ಮಾಡಿ, ನೀರು ಹರಿಯಲು ತುಸು ಇಳಿಜಾರು ಕೊಟ್ಟು, ಅಂಚುಗಳನ್ನು ನಾಯಿ ಕೀಳದಂತೆ ಮೊಳೆ ಹೊಡೆದು ಬಿಗಿಯುತ್ತಾರೆ. ಮೈದಾನದಲ್ಲಿ ಎಳೆಗಳ ನಡುವೆ ಉದುರಿಸುವ ರಬ್ಬರ್ ಪುಡಿಯ ಜಾಗಕ್ಕೆ ಇಲ್ಲಿ ಜಿಯೋಲೈಟ್ ಎಂಬ ರಂಧ್ರಮಯ ಖನಿಜ ಬರುತ್ತದೆ. ಅದು ಅಮೋನಿಯಂ ಅಯಾನುಗಳನ್ನು ಹಿಡಿದಿಡುತ್ತದೆ, ಆದರೆ ಅದಕ್ಕೂ ಮಿತಿಯಿದೆ. ಕೊನೆಗೆ ಪೈಪು ಹಿಡಿದು ತೊಳೆಯಲೇಬೇಕು. ನೀರು ಉಳಿಸಲು ಬಂದ ಹುಲ್ಲೂ ನೀರು ಕೇಳುತ್ತದೆ!

ವಿಮಾನ ನಿಲ್ದಾಣಗಳು ಇನ್ನೊಂದು ಬಾಗಿಲು ತೆರೆದವು. ವರ್ಷಕ್ಕೆ 10,000ಕ್ಕೂ ಹೆಚ್ಚು ಪ್ರಯಾಣಿಕರು ವಿಮಾನ ಹತ್ತುವ ನಿಲ್ದಾಣಗಳ ಪ್ರತಿ ಟರ್ಮಿನಲ್‌ನಲ್ಲೂ ಸೇವಾ ಪ್ರಾಣಿಗಳಿಗೆ ಶೌಚದ ಜಾಗ ಇರಬೇಕೆಂಬ ಅಮೆರಿಕದ ನಿಯಮ 2016ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಅದೇ ವರ್ಷ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ತೆರೆದ ಇಂಥದೊಂದು ಕೋಣೆಯಲ್ಲಿ ಕೃತಕ ಹುಲ್ಲಿನ ಮೇಲೆ ಪುಟ್ಟ ಕೆಂಪು ಅಗ್ನಿಶಾಮಕ ನಲ್ಲಿಯನ್ನೂ ನಿಲ್ಲಿಸಿದ್ದರು.

ಹಿತ್ತಲಿನಲ್ಲಿ ಅತಿ ಹೆಚ್ಚು ಏರಿಳಿತ ಕಂಡದ್ದು ಕ್ಯಾಲಿಫೋರ್ನಿಯ. 2015ರ ಏಪ್ರಿಲ್‌ನಲ್ಲಿ ಬರದ ನಡುವೆ ಗವರ್ನರ್ ಜೆರ್ರಿ ಬ್ರೌನ್ ನಗರಗಳ ನೀರಿನ ಬಳಕೆಯನ್ನು ಶೇ 25ರಷ್ಟು ತಗ್ಗಿಸಲು ಆದೇಶಿಸಿದರು. 5 ಕೋಟಿ ಚದರ ಅಡಿ ಹುಲ್ಲುಹಾಸನ್ನು ಬರ ತಾಳುವ ಗಿಡಗಳಿಗೆ ಬದಲಿಸುವ ಗುರಿಯೂ ಅದರಲ್ಲಿತ್ತು. ಅದೇ ವರ್ಷ ಬಂದ ಎರಡು ಕಾನೂನುಗಳು ಮನೆಯವರು ಕೃತಕ ಹುಲ್ಲು ಹಾಸದಂತೆ ಬಡಾವಣೆ ಸಂಘಗಳಾಗಲಿ ನಗರಾಡಳಿತಗಳಾಗಲಿ ತಡೆಯಬಾರದು ಎಂದವು.

ಈ ವರ್ಷಗಳುದ್ದಕ್ಕೂ ಸಂಶಯಗಳೂ ಬೆಳೆಯುತ್ತಿದ್ದವು. 2002ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಅಳೆದಾಗ, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನ ದಿನ ಕೃತಕ ಹಾಸಿನ ಮೇಲ್ಮೈ 93 ಡಿಗ್ರಿ ಮುಟ್ಟಿತ್ತು. ಬರಿಗಾಲ ನಾಯಿಗೆ ಅದು ಕಾದ ಕಾವಲಿ. 2008ರಲ್ಲಿ ನ್ಯೂಜೆರ್ಸಿಯ ಕೆಲವು ಹಳೆಯ ನೈಲಾನ್ ಮೈದಾನಗಳಲ್ಲಿ ಸೀಸ ಪತ್ತೆಯಾಯಿತು. ಒಕ್ಕೂಟದ ಗ್ರಾಹಕ ಸುರಕ್ಷತಾ ಆಯೋಗ ಅಪಾಯವಿಲ್ಲ ಎಂದರೂ ಕ್ಯಾಲಿಫೋರ್ನಿಯ ಕಂಪನಿಗಳನ್ನು ಕೋರ್ಟಿಗೆ ಎಳೆಯಿತು. 2019ರಲ್ಲಿ ಪತ್ರಕರ್ತರು ಹಾಸಿನಲ್ಲಿ ಪಿಎಫ್‌ಎಎಸ್ ಎಂಬ, ಸುಲಭಕ್ಕೆ ಕೊಳೆಯದ ರಾಸಾಯನಿಕಗಳ ಕುರುಹನ್ನು ವರದಿ ಮಾಡಿದರು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2022ರಲ್ಲಿ ತನ್ನ ಪ್ರದರ್ಶನಗಳಿಂದಲೇ ಕೃತಕ ಹುಲ್ಲನ್ನು ಹೊರಗಿಟ್ಟಿತು.

2023ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯ ತನ್ನ ಮಾತನ್ನು ಅರ್ಧ ಹಿಂತೆಗೆದುಕೊಂಡಿತು. ನಗರಗಳು ಬೇಕಿದ್ದರೆ ಕೃತಕ ಹುಲ್ಲನ್ನು ನಿಷೇಧಿಸಬಹುದೆಂಬ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು. ಮಿಲ್‌ಬ್ರೇ ಮತ್ತು ಸ್ಯಾನ್ ಮರಿನೊ ನಗರಗಳು ನಿಷೇಧದ ದಾರಿ ಹಿಡಿದವು.