ನೆತ್ತರಲ್ಲಿ ಉಳಿದ ದಫ್ತರ

ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ, ಆಗ ಪಾವಿಟ್ಟಗೆ ಎನಿಸಿಕೊಂಡಿದ್ದ ಊರಲ್ಲಿ, ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಸೀಮೆಗಳಿಂದ ಓದಲು ಬಂದವರಿಗೆ 27 ಮನೆಗಳನ್ನೂ ದೀಪದ ಖರ್ಚಿಗೆ 12 ನಿವರ್ತನ ಭೂಮಿಯನ್ನೂ ಬಿಟ್ಟುಕೊಟ್ಟದ್ದು ಅದರಲ್ಲಿದೆ. ಮದುವೆಯಾದರೆ ಐದು ನಾಣ್ಯ, ಮುಂಜಿಯಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಎಂದು ಊರವರು ಶಾಲೆಗೆ ಕೊಡಬೇಕಾದ ಕಾಣಿಕೆಯೂ ಇದೆ. ಕಾಲು ನಾಣ್ಯದ ಲೆಕ್ಕವನ್ನೂ ಕಲ್ಲಿನಲ್ಲಿ ಕೆತ್ತಿಸಿದವರು ಆ ಶಾಲೆಗೆ ಯಾವ ವರ್ಷ ಯಾವ ಬೇನೆ ಬಂತು, ಎಷ್ಟು ಜನ ಮಲಗಿ ಎದ್ದರು ಎಂಬುದನ್ನು ಬರೆಸಲಿಲ್ಲ. ಬರೆಸಬೇಕೆಂಬ ಯೋಚನೆಯೇ ಆ ಕಾಲದ್ದಲ್ಲ. ಮುಂದೆ ಈ ಊರಿರುವ ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ ಹುಟ್ಟುಸಾವಿನ ನೋಂದಣಿ ಬಂತು. ಆದರೆ ವೈದ್ಯರಿಲ್ಲದ ಹಳ್ಳಿಯಲ್ಲಿ ಸಾವಿನ ಕಾರಣ ಬರೆಯುತ್ತಿದ್ದವರು ಊರಿನ ಗೌಡ, ಕುಲಕರ್ಣಿಯರು. ಪ್ಲೇಗು, ಕಾಲರಾ, ಸಿಡುಬುಗಳಂಥ ಎದ್ದು ಕಾಣುವ ರೋಗಗಳನ್ನು ಬಿಟ್ಟರೆ ಹೆಚ್ಚಿನ ಸಾವುಗಳು ‘ಜ್ವರ’ದ ಲೆಕ್ಕಕ್ಕೇ ಹೋದವು. ಜ್ವರ ಬಂದು ಬದುಕಿದವರಂತೂ ಆ ದಫ್ತರದಲ್ಲಿ ಬರುವುದೇ ಇಲ್ಲ. ಒಂದು ಊರಿನ ಬೇನೆಯ ಚರಿತ್ರೆ ಹೀಗೆ ಕಾಗದದ ಮೇಲೆ ಬಹುಪಾಲು ಖಾಲಿ. ಆದರೂ ಅದು ಪೂರ್ತಿ ಅಳಿಸಿಹೋಗಿಲ್ಲ. ಬದುಕಿದವರ ನೆತ್ತರಲ್ಲಿ ಅದು ಉಳಿದಿರುತ್ತದೆ. ಅದನ್ನು ಓದುವ ವಿದ್ಯೆ ನಮಗೆ ಸಿಕ್ಕು ತೊಂಬತ್ತು ವರ್ಷವಾದರೂ ವಿಜಯಪುರದಂಥ ಜಿಲ್ಲೆಗಳ ಚರಿತ್ರೆಗೆ ಅದನ್ನು ಒಂದು ಆಕರವೆಂದು ನಾವು ಎಣಿಸಿಲ್ಲ. ಎಣಿಸಬೇಕು ಎಂಬುದು ಈ ಲೇಖನದ ವಾದ.

ವೈರಸ್ಸೊಂದು ಮೈಹೊಕ್ಕು ಹೋದ ಮೇಲೆ ಅದಕ್ಕೆಂದೇ ಹುಟ್ಟಿದ ಪ್ರತಿಕಾಯಗಳು ರಕ್ತದಲ್ಲಿ ಉಳಿಯುತ್ತವೆ. ಕೆಲವು ತಿಂಗಳುಗಟ್ಟಲೆ, ಕೆಲವು ಜೀವಮಾನವಿಡೀ. ತೆಗೆದ ರಕ್ತವನ್ನು ಗಾಜಿನ ನಳಿಗೆಯಲ್ಲಿ ಅಲುಗಿಸದೆ ಇಟ್ಟರೆ ಕೆಂಪು ಭಾಗ ಗರಣೆಗಟ್ಟಿ ಕೆಳಗಿಳಿಯುತ್ತದೆ, ಮೇಲೆ ತಿಳಿ ಹಳದಿಯ ಸೀರಮ್ ನಿಲ್ಲುತ್ತದೆ. ಪ್ರತಿಕಾಯಗಳಿರುವುದು ಅದರಲ್ಲಿ. 1931ರಲ್ಲಿ ಸಾಯರ್ ಮತ್ತು ಲಾಯ್ಡ್ ಎಂಬ ವಿಜ್ಞಾನಿಗಳು ಹಳದಿ ಜ್ವರಕ್ಕೆ ಇಲಿಗಳ ಮೇಲಿನ ಒಂದು ಪರೀಕ್ಷೆಯನ್ನು ರೂಪಿಸಿದರು. ಸೀರಮ್ಮನ್ನೂ ವೈರಸ್ಸನ್ನೂ ಇಲಿಗೆ ಚುಚ್ಚುವುದು. ಇಲಿ ಬದುಕಿದರೆ ಆ ಸೀರಮ್ಮಿನ ಒಡೆಯನಿಗೆ ಎಂದೋ ಆ ಜ್ವರ ಬಂದುಹೋಗಿದೆ ಎಂದರ್ಥ. ರೋಗಿಯನ್ನು ನೋಡದೆ, ಅವನ ನೆನಪನ್ನು ಕೇಳದೆ ರೋಗದ ಭೂಪಟ ಬರೆಯಬಹುದೆಂದು ಜಗತ್ತಿಗೆ ತಿಳಿದದ್ದು ಇಂಥ ಪರೀಕ್ಷೆಗಳಿಂದ. 1957ರಲ್ಲಿ ಏಷ್ಯನ್ ಫ್ಲೂ ಬಂದಾಗ ನೆದರ್‌ಲ್ಯಾಂಡ್ಸ್‌ನ ಮುಲ್ಡರ್ ಮತ್ತು ಮಸುರೆಲ್ ಅದಕ್ಕೂ ಮೊದಲು ತೆಗೆದಿಟ್ಟಿದ್ದ ಸೀರಮ್ಮುಗಳನ್ನು ಪರೀಕ್ಷಿಸಿದರು. ಎಪ್ಪತ್ತು ದಾಟಿದವರ ರಕ್ತದಲ್ಲಿ ಆ ‘ಹೊಸ’ ವೈರಸ್ಸಿಗೆ ಆಗಲೇ ಪ್ರತಿಕಾಯಗಳಿದ್ದವು. ಅವರ ಎಳವೆಯಲ್ಲಿ, ಬಹುಶಃ 1889-90ರ ಮಹಾಜಾಡ್ಯದಲ್ಲಿ, ಅಂಥದೇ ವೈರಸ್ ಓಡಾಡಿತ್ತು. 2008ರಲ್ಲಿ ಅಮೆರಿಕದ ಸಂಶೋಧಕರು 91ರಿಂದ 101 ವರ್ಷದ 32 ಜನರ ರಕ್ತ ತೆಗೆದು ನೋಡಿದಾಗ, 1918ರ ಇನ್‌ಫ್ಲುಯೆಂಜಾ ವೈರಸ್ಸನ್ನು ತಡೆಯುವ ಪ್ರತಿಕಾಯ ತೊಂಬತ್ತು ವರ್ಷದ ನಂತರವೂ ಅವರಲ್ಲಿತ್ತು. ಶಾಸನಕ್ಕೆ ಕಲ್ಲು ಹೇಗೋ ಇದಕ್ಕೆ ಮೈ ಹಾಗೆ.

ನಮ್ಮ ದೇಶದಲ್ಲಿ ಈ ಓದು ಶುರುವಾದದ್ದು 1952ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಫೌಂಡೇಶನ್ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದ ಹೊತ್ತಿನಲ್ಲೇ ಸ್ಮಿತ್‌ಬರ್ನ್, ಕೆರ್ ಮತ್ತು ಗತ್ನೆ ದೇಶದ ಬೇರೆ ಬೇರೆ ಕಡೆಯ ಜನರ ಸೀರಮ್ ಪರೀಕ್ಷಿಸಿ, 1954ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಗಪುರ ಮತ್ತು ಚೆಂಗಲ್‌ಪಟ್ಟಿನ ರಕ್ತದಲ್ಲಿ ಜಪಾನೀಸ್ ಮೆದುಳು ಜ್ವರದ ಗುರುತು ಸಿಕ್ಕಿತು. ಆ ರೋಗ ಭಾರತದಲ್ಲಿ ಮನುಷ್ಯರಲ್ಲಿ ಮೊದಲು ಪತ್ತೆಯಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. ಸೌರಾಷ್ಟ್ರದ ಕಡೆಯ ಕೆಲವು ಸೀರಮ್ಮುಗಳು ರಷ್ಯಾದ ಉಣುಗು ಜ್ವರದ ವೈರಸ್ಸನ್ನು ತಡೆದವು. ಇದಕ್ಕೆ ಅರ್ಥವೇನೆಂದು ಆಗ ಯಾರಿಗೂ ಹೊಳೆಯಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಹಳದಿ ಜ್ವರವೇ ಬಂತೇನೋ ಎಂಬ ಆತಂಕ. ಪುಣೆಯ ತಂಡ ಬೇರ್ಪಡಿಸಿದ ವೈರಸ್ ಮಾತ್ರ ಆ ರಷ್ಯನ್ ವೈರಸ್ಸಿನ ಬಳಗದ್ದಾಗಿತ್ತು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ.

ಇಲ್ಲೇ ಮೊದಲ ಆಕ್ಷೇಪ ಎದುರಾಗುತ್ತದೆ, ಅದು ಹಗುರವಾದದ್ದಲ್ಲ. ಅದೇ 1952ರ ರಕ್ತದಲ್ಲಿ 196 ಸೀರಮ್ಮುಗಳ ಪೈಕಿ 33 ಝೀಕಾ ವೈರಸ್ಸನ್ನು ತಡೆದಿದ್ದವು. ಆದರೆ ಝೀಕಾ ಭಾರತದಲ್ಲಿ ಖಚಿತವಾಗಿ ಪತ್ತೆಯಾದದ್ದು ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ. ಡೆಂಗಿ, ಜಪಾನೀಸ್ ಮೆದುಳು ಜ್ವರ, ಝೀಕಾ, ಮಂಗನ ಕಾಯಿಲೆ ಎಲ್ಲವೂ ಒಂದೇ ಕುಲದ ವೈರಸ್ಸುಗಳು. ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಹಿಡಿಯಬಲ್ಲದು. ಹೀಗಿರುವಾಗ ರಕ್ತದ ಸಾಕ್ಷಿಯನ್ನು ನಂಬುವುದು ಹೇಗೆ? ಒಂಟಿ ಸಾಕ್ಷಿಯಾಗಿ ನಂಬಬಾರದು ಎಂಬುದೇ ಉತ್ತರ. ಶಾಸನದಲ್ಲಿ ಅಕ್ಷರ ಸವೆದಿದ್ದರೆ ಓದುವವರು ಲಿಪಿಯ ಕಾಲ, ಅರಸನ ಹೆಸರು, ಪಕ್ಕದ ಊರಿನ ಶಾಸನ ಎಲ್ಲವನ್ನೂ ಜೊತೆಗಿಟ್ಟು ನೋಡುತ್ತಾರೆ. ಸೀರಮ್ಮಿನ ಓದಿಗೂ ಅಷ್ಟೇ ಜಾಗ್ರತೆ ಬೇಕು. ಕೊಟ್ಟವರ ವಯಸ್ಸು, ಊರು, ಕುಲದ ಬೇರೆ ವೈರಸ್ಸುಗಳ ಪರೀಕ್ಷೆ ಎಲ್ಲ ಜೊತೆಗಿರಬೇಕು. ಇವುಗಳಲ್ಲಿ ವಯಸ್ಸು ತೀರ ಮುಖ್ಯ. ಇಷ್ಟು ಜನಕ್ಕೆ ಪ್ರತಿಕಾಯವಿದೆ ಎಂಬ ಅಂಕಿಗಿಂತ ಯಾವ ವಯಸ್ಸಿನಿಂದ ಕೆಳಗೆ ಅದು ಇಲ್ಲವಾಗುತ್ತದೆ ಎಂಬುದೇ ಚರಿತ್ರೆ ಹೇಳುವುದು.

ಇದಕ್ಕೆ ಸಾಲೋಟಗಿಯ ಸೀಮೆಗೆ ಅತಿ ಹತ್ತಿರದ ಉದಾಹರಣೆ ಚಿಕೂನ್‌ಗುನ್ಯ. ಇಂಡಿ ತಾಲೂಕಿನಿಂದ ಭೀಮೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಆ ಜಿಲ್ಲೆಯ ಬಾರ್ಶಿ ಪಟ್ಟಣಕ್ಕೆ 1973ರಲ್ಲಿ ಈ ಜ್ವರ ಬಂದು, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಮಲಗಿದರು. ಅದಕ್ಕೆ ಹತ್ತು ವರ್ಷ ಮೊದಲು ಕೋಲ್ಕತ್ತ, ಆಮೇಲೆ ಮದ್ರಾಸು ಅದನ್ನು ಕಂಡಿದ್ದವು. ಬಾರ್ಶಿಯ ನಂತರ ಅದು ದೇಶದಿಂದ ಹೆಚ್ಚುಕಡಿಮೆ ಮರೆಯಾಯಿತು, ಹೋದದ್ದು ಹೋಯಿತು ಎಂದೇ ಬಹಳ ಜನ ತಿಳಿದರು. ರಕ್ತ ಮಾತ್ರ ಬೇರೊಂದು ಸುದ್ದಿ ಹೇಳುತ್ತಿತ್ತು. 1995ರಲ್ಲಿ ಪ್ರಕಟವಾದ ಕೋಲ್ಕತ್ತದ ಸಮೀಕ್ಷೆಯಲ್ಲಿ ನೂರಕ್ಕೆ ನಾಲ್ಕೂ ಚಿಲ್ಲರೆ ಜನರಲ್ಲಷ್ಟೇ ಚಿಕೂನ್‌ಗುನ್ಯದ ಪ್ರತಿಕಾಯವಿತ್ತು, ಹೆಚ್ಚಿನದು 51ರಿಂದ 55ರ ವಯಸ್ಸಿನವರಲ್ಲಿ. ಮಕ್ಕಳಲ್ಲಿ, ಹರೆಯದವರಲ್ಲಿ ಇಲ್ಲವೇ ಇಲ್ಲ. 1963ರ ಜ್ವರ ಕಂಡ ತಲೆಮಾರು ಸವೆಯುತ್ತಿದೆ, ಅದರ ಕೆಳಗಿನ ತಲೆಮಾರಿಗೆ ಯಾವ ಕಾವಲೂ ಇಲ್ಲ ಎಂದು ಆ ಪುಟ್ಟ ಸಮೀಕ್ಷೆ ಹತ್ತು ವರ್ಷ ಮೊದಲೇ ಬಯಲು ಮಾಡಿತ್ತು. 2005ರ ಕೊನೆಗೆ ಜ್ವರ ಮತ್ತೆ ಬಂತು. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.6 ಲಕ್ಷ ಕರ್ನಾಟಕದವೇ. ಕಲಬುರಗಿ, ಬೀದರ, ರಾಯಚೂರು, ವಿಜಯಪುರ ಹೆಚ್ಚು ನರಳಿದ ಜಿಲ್ಲೆಗಳ ಸಾಲಿನಲ್ಲಿದ್ದವು. ನಲ್ಲಿ ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ತೊಟ್ಟಿ, ಹರವಿ, ಬ್ಯಾರಲ್ಲುಗಳಲ್ಲಿ ನೀರು ತುಂಬಿಡದೆ ಗತಿಯಿಲ್ಲ, ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಲ್ಲೇ. ಬಂದ ವೈರಸ್ ಬಾರ್ಶಿಯ ಏಷ್ಯನ್ ತಳಿಯದಲ್ಲ, ಆಫ್ರಿಕದ್ದು, ಆದ್ದರಿಂದ ಹಳೆಯ ರಕ್ತ ಏನೂ ಹೇಳಲಾರದಿತ್ತು ಎನ್ನುವವರಿದ್ದಾರೆ. ಆದರೆ ಚಿಕೂನ್‌ಗುನ್ಯದ ತಳಿಗಳಲ್ಲಿ ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಬಹುಮಟ್ಟಿಗೆ ತಡೆಯುತ್ತದೆ. ಜ್ವರ ಬರುವ ತಿಂಗಳನ್ನು ರಕ್ತ ಹೇಳಲಾರದು ನಿಜ. ಬಂದರೆ ಯಾರ ಮನೆ ಹೊಗುತ್ತದೆ ಎಂಬುದನ್ನು ಅದು ಹೇಳಿತ್ತು.

ಇಂಥ ಓದಿಗೆ ರಕ್ತ ಎಲ್ಲಿಂದ ಸಿಗಬೇಕು ಎಂಬಲ್ಲಿಗೆ ರಕ್ತದಾನಿಗಳ ಮಾತು ಬರುತ್ತದೆ. ರಕ್ತನಿಧಿಗೆ ಬರುವ ಪ್ರತಿ ಚೀಲದ ಜೊತೆ ಪರೀಕ್ಷೆಗೆಂದು ಸಣ್ಣ ನಳಿಗೆಯಲ್ಲೂ ರಕ್ತ ತುಂಬುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯ ಇವಿಷ್ಟನ್ನು ಕಡ್ಡಾಯವಾಗಿ ನೋಡಬೇಕು. ಮಿಕ್ಕ ಹನಿಗಳು ಚರಿತ್ರೆಯ ಆಕರವಾಗಬಲ್ಲವು. ದಾನಿಗಳು ಊರಿನ ಪ್ರತಿನಿಧಿಗಳಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅವರು 18ರಿಂದ 65ರೊಳಗಿನವರು, ಕನಿಷ್ಠ 45 ಕಿಲೋ ತೂಗುವವರು, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದವರು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟಿದೆಯೆಂದು ಬಲ್ಲವರಿಗೆ ಈ ಕೊನೆಯ ನಿಯಮ ಯಾರನ್ನು ಹೊರಗಿಡುತ್ತದೆ ಎಂದು ಹೇಳಬೇಕಿಲ್ಲ. ಮನೆಮನೆಗೆ ಹೋಗಿ ಆರಿಸಿ ತೆಗೆದ ರಕ್ತವಾದರೂ ಒಂದೇ ಮಾತು ಹೇಳೀತೆಂಬ ಭರವಸೆಯಿಲ್ಲ. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಕರ್ನಾಟಕದ ಮನೆಗಳಲ್ಲಿ ನಡೆದ ಸಮೀಕ್ಷೆ ನೂರಕ್ಕೆ 46.7 ಜನರಿಗೆ ಕೋವಿಡ್ ತಗುಲಿ ಹೋಗಿದೆ ಎಂದಿತು. ಸೆಪ್ಟೆಂಬರಿನಲ್ಲಿ ಆಸ್ಪತ್ರೆಗಳ ಮೂಲಕ ಸರ್ಕಾರ ಮಾಡಿದ ಸಮೀಕ್ಷೆ, ಹಿಂದಿನ ಮತ್ತು ಆಗಿನ ಸೋಂಕು ಸೇರಿಸಿ, 27.3 ಎಂದಿತು. ಜನರನ್ನು ಆರಿಸಿದ ರೀತಿ ಬೇರೆ, ಬಳಸಿದ ಪರೀಕ್ಷೆ ಬೇರೆ. ಆದರೂ ಕಡಿಮೆ ಹೇಳಿದ ಸಮೀಕ್ಷೆಯ ಪ್ರಕಾರವೇ ರಾಜ್ಯದಲ್ಲಿ 1.93 ಕೋಟಿ ಜನರಿಗೆ ಸೋಂಕು ತಗುಲಿತ್ತು. ಆಗ ದಾಖಲಾಗಿದ್ದ ಪ್ರಕರಣಗಳು ಸುಮಾರು ಐದು ಲಕ್ಷ. ಎರಡು ಸಮೀಕ್ಷೆಗಳ ನಡುವಿನ ಅಂತರಕ್ಕಿಂತ ಸಮೀಕ್ಷೆಗೂ ದಾಖಲೆಗೂ ನಡುವಿನ ಅಂತರ ದೊಡ್ಡದು. ರಕ್ತನಿಧಿಯ ಓರೆಯೂ ತಿಳಿದ ಓರೆಯೇ. ಅದೇ ನಿಧಿಗೆ ಅದೇ ಬಗೆಯ ದಾನಿಗಳು ವರ್ಷವರ್ಷವೂ ಬರುವುದರಿಂದ ಒಂದು ವರ್ಷವನ್ನು ಇನ್ನೊಂದರ ಪಕ್ಕಕ್ಕಿಟ್ಟು ನೋಡಲು ಅದು ಅಡ್ಡಿಯಾಗದು.

ಒಪ್ಪಿಗೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಯಾರದೋ ಜೀವ ಉಳಿಯಲೆಂದು ಕೊಟ್ಟ ರಕ್ತವನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ಕೊಡುವಾಗಲೇ, ಅವರಿಗೆ ತಿಳಿಯುವ ಕನ್ನಡದಲ್ಲಿ, ಕೇಳಿ ಸಹಿ ಪಡೆಯಬೇಕು. ಸಾಲೋಟಗಿಯ ಕಂಬದಲ್ಲಿ ಕೊಡುಗೆ ಯಾವುದಕ್ಕೆಂದು ಸ್ಪಷ್ಟವಾಗಿ ಬರೆದ ಹಾಗೆ. ಹೆಸರು ಬೇಡ, ಜಾತಿ ಬೇಡ. ಹುಟ್ಟಿದ ವರ್ಷ ಮತ್ತು ತಾಲೂಕು ಇದ್ದರೆ ಸಾಕು. ಏಕೆಂದರೆ 2006ರ ಜ್ವರದ ಮರುವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹುಟ್ಟಿದ ಮಕ್ಕಳು 2025ರಲ್ಲಿ ರಕ್ತ ಕೊಡುವ ವಯಸ್ಸಿಗೆ ಬಂದಿದ್ದಾರೆ. ಅವರ ಸೀರಮ್ಮನ್ನು ಅವರ ಅಪ್ಪ-ಅವ್ವಂದಿರ ವಯಸ್ಸಿನ ದಾನಿಗಳ ಸೀರಮ್ಮಿನ ಜೊತೆ ಇಟ್ಟು ನೋಡಿದರೆ, ಚಿಕೂನ್‌ಗುನ್ಯ ಈ ಇಪ್ಪತ್ತು ವರ್ಷ ಇಲ್ಲೇ ಸದ್ದಿಲ್ಲದೆ ಓಡಾಡಿಕೊಂಡಿತ್ತೋ ಅಥವಾ ಬಾರ್ಶಿಯ ನಂತರದಂತೆ ಕಾವಲಿಲ್ಲದ ಒಂದು ತಲೆಮಾರು ಮತ್ತೆ ಬೆಳೆದು ನಿಂತಿದೆಯೋ ಗೊತ್ತಾಗುತ್ತದೆ.