ಮೈಯೊಳಗಿಟ್ಟ ಕಿರಣದ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾದ ಕ್ಯಾನ್ಸರ್ ರೋಗಿಗಳು ‘ಕರೆಂಟು’ (ವಿಕಿರಣ ಚಿಕಿತ್ಸೆ) ಕೊಡಿಸಿಕೊಳ್ಳಲು ಹೆಚ್ಚಾಗಿ ಹೋಗುವುದು ಮಣಿಪಾಲಕ್ಕೆ, ಮಂಗಳೂರಿಗೆ, ಇಲ್ಲವೇ ಹುಬ್ಬಳ್ಳಿಗೆ. ಗರ್ಭಕಂಠದ ಕ್ಯಾನ್ಸರಿಗಾದರೆ ವಿಕಿರಣ ಸೂಸುವ ವಸ್ತುವನ್ನು ಮೈಯೊಳಗೇ ಇಟ್ಟು ಕೊಡುವ ಬ್ರಾಕಿಥೆರಪಿಯೂ ಇರುತ್ತದೆ. ಹಾಗೆ ಹೋಗಿಬಂದವರ ಮಗ್ಗುಲಲ್ಲಿ ಮಗುವನ್ನು ಮಲಗಿಸಬಹುದೇ ಎಂಬ ಅಂಜಿಕೆ ಈ ಜಿಲ್ಲೆಯಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಶಿವರಾಮ ಕಾರಂತರು ಲೋಕಸಭೆ ಚುನಾವಣೆಗೇ ನಿಂತ ಸೀಮೆಯಿದು. ಆದರೆ ಈ ಚಿಕಿತ್ಸೆಯ ಚರಿತ್ರೆಯನ್ನು ನೋಡಿದರೆ, ಅಂಜಬೇಕಾದ್ದು ರೋಗಿಗಲ್ಲ, ಲೆಕ್ಕ ತಪ್ಪಿದ ವಿಕಿರಣ ವಸ್ತುವಿಗೆ.

ಮೊದಮೊದಲು ಪೆಟ್ಟು ತಿಂದವರು ಅದನ್ನು ಕೈಯಲ್ಲಿ ಹಿಡಿದವರೇ. 1901ರಲ್ಲಿ ವಿಜ್ಞಾನಿ ಬೆಕೆರೆಲ್ ಕೋಟಿನ ಕಿಸೆಯಲ್ಲಿ ರೇಡಿಯಂ ಇಟ್ಟುಕೊಂಡು ಮೈ ಸುಟ್ಟುಕೊಂಡರು. ಗೆಡ್ಡೆಯನ್ನೂ ಹೀಗೆಯೇ ಸುಡಬಹುದಲ್ಲ ಎಂಬ ಯೋಚನೆಗೆ ಆ ಗಾಯವೂ ಇಂಬು ಕೊಟ್ಟಿತು. ಆಮೇಲೆ ಅರ್ಧ ಶತಮಾನ ವೈದ್ಯರು ರೇಡಿಯಂ ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದೇ ಚುಚ್ಚಿದರು. ರೇಡಿಯಂನ ಬಲ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಬ್ಯಾಂಡೇಜಿನ ಜೊತೆ ಕಸಕ್ಕೆ ಹೋದ ಸೂಜಿ ತಲೆಮಾರುಗಳ ತಲೆನೋವು. ಖಾಲಿ ನಳಿಕೆಯನ್ನು ಮೊದಲಿಟ್ಟು ವಿಕಿರಣ ವಸ್ತುವನ್ನು ಆಮೇಲೆ ಕಳಿಸುವ ಪದ್ಧತಿ 1950–60ರ ದಶಕಗಳಲ್ಲಿ ಬೇರೂರಿತು. ಈಗ ತಂತಿಯ ತುದಿಯ ಇರಿಡಿಯಂ-192 ಯಂತ್ರದಿಂದ ಹೊರಟು, ಕೆಲವು ನಿಮಿಷ ಒಳಗಿದ್ದು, ಯಂತ್ರಕ್ಕೇ ಮರಳುತ್ತದೆ. ಅದು ಮರಳಿದ ಮೇಲೆ ರೋಗಿಯ ಮೈ ಏನನ್ನೂ ಸೂಸುವುದಿಲ್ಲ. ಪ್ರಾಸ್ಟೇಟಿನಲ್ಲಿ ಕಾಯಂ ಬಿಟ್ಟುಬಿಡುವ ಅಯೋಡಿನ್-125 ಕಾಳುಗಳ ಮಾತು ಬೇರೆ: ಅವುಗಳ ಬಲ ಅರ್ಧವಾಗಲು ಸುಮಾರು 60 ದಿನ ಹಿಡಿಯುವುದರಿಂದ, ಅಲ್ಲಿಯವರೆಗೆ ಮಕ್ಕಳು, ಬಸುರಿಯರು ತೀರ ಹತ್ತಿರ ಹೆಚ್ಚು ಹೊತ್ತು ಇರಬಾರದೆಂದು ವೈದ್ಯರು ಹೇಳುವುದುಂಟು. ಆ ಎಚ್ಚರಿಕೆಯನ್ನು ಎಲ್ಲ ರೋಗಿಗಳಿಗೂ ಹಚ್ಚುವುದು ಅನ್ಯಾಯ.

ಯಂತ್ರವೇ ಕೈಕೊಟ್ಟರೆ ಎಂದು ಕೇಳಬಹುದು. ಕೊಟ್ಟದ್ದುಂಟು. 1992ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇರಿಡಿಯಂ ತುಣುಕು ಮುರಿದು ವೃದ್ಧೆಯೊಬ್ಬರ ಮೈಯೊಳಗೇ ಉಳಿಯಿತು. ಗೋಡೆಯ ಅಲಾರಂ ಎಚ್ಚರಿಸಿತು. ಅದು ಹಿಂದೆಯೂ ಸುಮ್ಮಸುಮ್ಮನೆ ಕೂಗಿದ್ದರಿಂದ ಸಿಬ್ಬಂದಿ ಯಂತ್ರದ ಪರದೆಯನ್ನೇ ನಂಬಿದರು. ಕೈಯಲ್ಲಿ ಹಿಡಿಯುವ ಮೀಟರು ಅಲ್ಲೇ ಇದ್ದರೂ ಯಾರೂ ರೋಗಿಯ ಹತ್ತಿರ ಹಿಡಿದು ನೋಡಲಿಲ್ಲ. ಕೆಲವೇ ದಿನಗಳಲ್ಲಿ ಆ ವೃದ್ಧೆ ತೀರಿಕೊಂಡರು. ಕಳಚಿ ಕಸಕ್ಕೆ ಸೇರಿದ್ದ ತುಣುಕನ್ನು ಕೊನೆಗೆ ಹಿಡಿದುಕೊಟ್ಟದ್ದು ಕಸ ವಿಲೇವಾರಿ ಕಂಪನಿಯ ಮೀಟರು. ಅಲ್ಲಿ ತಪ್ಪಿದ್ದು ಲೆಕ್ಕ. ನಮ್ಮಲ್ಲೂ 2010ರಲ್ಲಿ ಜೀವ ತೆಗೆದದ್ದು ಯಾವ ರೋಗಿಯ ಮೈಯೂ ಅಲ್ಲ, ದೆಹಲಿ ವಿಶ್ವವಿದ್ಯಾಲಯದ ಹಳೇ ಉಪಕರಣದೊಂದಿಗೆ ಮಾಯಾಪುರಿಯ ಗುಜರಿ ಸೇರಿದ ಕೋಬಾಲ್ಟ್-60.