ಒಂದೇ ಬಾಗಿಲು, ಹಲವು ಬೀಗ: ಸಂಶೋಧನಾ ಅರ್ಜಿ ಕಾಗದ ಬಿಟ್ಟ ಬಗೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದ (ಎನ್‌ಐಎಚ್) ಸಂಶೋಧನೆಗೆ ಹಣ ಕೇಳಬೇಕೆಂದರೆ 2005ರ ತನಕ ಒಂದು ಮೂಲ ಪ್ರತಿ, ಐದು ಝೆರಾಕ್ಸ್ ಪ್ರತಿ ಕಟ್ಟಿ ಬೆಥೆಸ್ಡಾಕ್ಕೆ ಕಳಿಸಬೇಕಿತ್ತು. ಕೊನೆಯ ದಿನದೊಳಗೆ ಅಂಚೆಗೋ ಕೊರಿಯರ್‌ಗೋ ಕೊಟ್ಟರೆ ಸಾಕು, ಕಟ್ಟು ನಾಲ್ಕು ದಿನ ತಡವಾಗಿ ತಲುಪಿದರೂ ಅರ್ಜಿ ಸಕಾಲದ್ದೇ. ಲಕೋಟೆ ಬಿಚ್ಚುವ, ಪುಟ ಎಣಿಸುವ, ಸ್ಕ್ಯಾನ್ ಮಾಡುವ, ವಿಮರ್ಶಕರಿಗೆ ಹಂಚುವ ಕೆಲಸವೆಲ್ಲ ಹಣ ಕೊಡುವವರ ಕಚೇರಿಯದು. ಆ ಕೆಲಸ ಕಂಪ್ಯೂಟರಿಗೆ ಹೋಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಎರಡು ದಶಕಗಳ ದಾಖಲೆ ಓದಿದರೆ ಬೇರೆಯದೇ ಕಾಣುತ್ತದೆ. ಕೆಲಸದ ದೊಡ್ಡ ಪಾಲು ಅರ್ಜಿದಾರನ ಮೇಜಿಗೆ ಬಂತು, ಅದರ ಜೊತೆಗೆ ತಪ್ಪಿನ ಹೊಣೆಯೂ ಬಂತು.

ಈ ದಾರಿಯಲ್ಲಿ ಮೊದಲು ನಡೆದದ್ದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಎನ್‌ಎಸ್‌ಎಫ್. 1990ರ ದಶಕದ ನಡುವಿನಲ್ಲಿ, ಬ್ರೌಸರ್ ಇನ್ನೂ ಹೊಸದಾಗಿದ್ದಾಗಲೇ, ಅದು ಫಾಸ್ಟ್‌ಲೇನ್ ಎಂಬ ವ್ಯವಸ್ಥೆಯನ್ನು ಕೆಲವು ವಿಶ್ವವಿದ್ಯಾಲಯಗಳೊಂದಿಗೆ ಪರೀಕ್ಷಿಸತೊಡಗಿತು. ಕಡ್ಡಾಯ ಮಾಡಿದ್ದು 2000ದ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಬಳಸುವವರ ದೂರು ಕೇಳಿ ತಿದ್ದಿಕೊಳ್ಳಲು ಅವಕಾಶ ಸಿಕ್ಕಿತ್ತು. ಒಂದೇ ಸಂಸ್ಥೆ, ಅದರದೇ ನಮೂನೆ, ಅದರದೇ ಅರ್ಜಿದಾರರು. ಫಾಸ್ಟ್‌ಲೇನ್ ಇಪ್ಪತ್ತು ವರ್ಷಕ್ಕೂ ಮೀರಿ ಬಾಳಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನಗನಿಸುತ್ತದೆ. ಹೊಸ ಪ್ರಸ್ತಾವಗಳಿಗೆ ಅದರ ಬಾಗಿಲು ಮುಚ್ಚಿದ್ದು 2023ರ ಜನವರಿಯಲ್ಲಿ.

ಅಮೆರಿಕದ ಕೇಂದ್ರ ಸರ್ಕಾರದ ಆಲೋಚನೆ ಇದಕ್ಕಿಂತ ದೊಡ್ಡದಿತ್ತು. ಅನುದಾನ ಪಡೆಯುವ ಊರು, ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳು ಇಲಾಖೆಗೊಂದು ನಮೂನೆ ತುಂಬಿ ಸೋತಿದ್ದವು. ಇದನ್ನು ಸರಳಗೊಳಿಸಬೇಕೆಂದು 1999ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. ಆಮೇಲೆ ಬಂದ ಇ-ಆಡಳಿತ ಯೋಜನೆಗಳಲ್ಲಿ ಒಂದಾಗಿ, 2003ರಲ್ಲಿ ಗ್ರ್ಯಾಂಟ್ಸ್ ಡಾಟ್ ಗವ್ ತೆರೆಯಿತು. ಅನುದಾನ ಕೊಡುವ 26 ಕೇಂದ್ರ ಸಂಸ್ಥೆಗಳಿಗೆ ಒಂದೇ ಬಾಗಿಲು. ಆಶಯ ಒಳ್ಳೆಯದೇ. ಆದರೆ ಪೊಲೀಸ್ ಠಾಣೆಗೆ ಉಪಕರಣ ಕೇಳುವ ಊರಿಗೂ ಜೀವಕೋಶದ ಒಳಗನ್ನು ಶೋಧಿಸುವ ಪ್ರಯೋಗಾಲಯಕ್ಕೂ ಸರಿಹೊಂದುವ ಬಾಗಿಲು ಕಟ್ಟುವುದು ಸುಲಭದ ಮಾತಾಗಿರಲಿಲ್ಲ.

ಅದರ ಕಷ್ಟ ಪೂರ್ತಿ ಬಯಲಾದದ್ದು ಎನ್‌ಐಎಚ್ ಒಳಗೆ ಬಂದಾಗ. 2005ರ ಡಿಸೆಂಬರಿನಲ್ಲಿ ಸಣ್ಣ ಉದ್ದಿಮೆಗಳ ಸಂಶೋಧನಾ ಅರ್ಜಿಗಳಿಂದ ಅದು ಆರಂಭಿಸಿತು. ವಿಜ್ಞಾನಿಗಳ ಜೀವನಾಧಾರವಾದ ಆರ್‌01 ಅನುದಾನ ಎಲೆಕ್ಟ್ರಾನಿಕ್ ಆದದ್ದು 2007ರ ಫೆಬ್ರವರಿಯಲ್ಲಿ. ಹಲವು ಯೋಜನೆಗಳನ್ನು ಒಟ್ಟಿಗೆ ಹೆಣೆದ ದೊಡ್ಡ ಅರ್ಜಿಗಳು 2013–14ರ ತನಕ ಕಾಯಬೇಕಾಯಿತು.

ಮೊದಲ ತೊಡಕು ನಮೂನೆಯನ್ನು ತೆರೆಯುವುದರಲ್ಲೇ ಇತ್ತು. ಗ್ರ್ಯಾಂಟ್ಸ್ ಡಾಟ್ ಗವ್ ಆರಿಸಿಕೊಂಡಿದ್ದ ಪ್ಯೂರ್‌ಎಡ್ಜ್ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಜೀವವಿಜ್ಞಾನದ ಎಷ್ಟೋ ಪ್ರಯೋಗಾಲಯಗಳು ವರ್ಷಗಳಿಂದ ಮ್ಯಾಕಿಂತೋಷ್ ಮೇಲೇ ನಡೆಯುತ್ತಿದ್ದವು. ಅಂಥವರು ಮ್ಯಾಕ್ ಒಳಗೆ ವಿಂಡೋಸನ್ನು ಅನುಕರಿಸುವ ತಂತ್ರಾಂಶ ಹಾಕಿಕೊಳ್ಳಬೇಕು, ಇಲ್ಲವೇ ಸಿಟ್ರಿಕ್ಸ್ ಸರ್ವರ್ ಮೂಲಕ ದೂರದ ವಿಂಡೋಸ್ ಯಂತ್ರಕ್ಕೆ ಲಾಗಿನ್ ಆಗಬೇಕು. ಯಾರ ಮೇಜಿನ ಮೇಲೆ ಯಾವ ಯಂತ್ರ ಇದೆಯೆಂದು ಮೊದಲೇ ಕೇಳಿದ್ದರೆ ತಪ್ಪಿಸಬಹುದಾಗಿದ್ದ ಕಷ್ಟ ಇದು. ಮುಂದೆ ಅಡೋಬಿ ನಮೂನೆಗಳು ಬಂದು ಮ್ಯಾಕ್ ಸಮಸ್ಯೆ ಕಳೆಯಿತು, ಅದರ ಜಾಗಕ್ಕೆ ಆವೃತ್ತಿಯ ಸಮಸ್ಯೆ ಬಂತು. ಒಂದೇ ಅರ್ಜಿ ನಾಲ್ಕು ಜನರ ಕೈ ದಾಟುವಾಗ ಒಬ್ಬರ ಅಡೋಬಿ ರೀಡರ್ ಬೇರೆ ಆವೃತ್ತಿಯದಾಗಿದ್ದರೂ ಕಡತ ಕೆಡುತ್ತಿತ್ತು.

ಎರಡನೆಯ ತೊಡಕು ಆಳದ್ದು. ಅರ್ಜಿ ಗ್ರ್ಯಾಂಟ್ಸ್ ಡಾಟ್ ಗವ್ ದಾಟಿದರೆ ಮುಗಿಯಲಿಲ್ಲ. ಅಲ್ಲಿನ ಪರಿಶೀಲನೆ ಮೇಲುಮೇಲಿನದು. ಮುಂದೆ ಎನ್‌ಐಎಚ್‌ನ ಸ್ವಂತ ವ್ಯವಸ್ಥೆ ಇಆರ್‌ಎ ಕಾಮನ್ಸ್ ತನ್ನ ನಿಯಮಗಳಿಗೆ ಅದನ್ನು ಹೋಲಿಸಿ ನೋಡುತ್ತಿತ್ತು. ಲಗತ್ತು ಪಿಡಿಎಫ್ ಆಗಿರದಿದ್ದರೆ, ವಿಜ್ಞಾನಿಯ ಲಾಗಿನ್ ಹೆಸರು ಅದರ ಅಂಕಣದಲ್ಲಿ ಇಲ್ಲದಿದ್ದರೆ, ಪುಟ ಮಿತಿ ಮೀರಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತಿತ್ತು. ಮೊದಲ ಬಾಗಿಲಿನಿಂದ ಸ್ವೀಕೃತಿ ಸಂದೇಶ ಬಂದುದನ್ನು ನೋಡಿ ನಿಶ್ಚಿಂತೆಯಿಂದ ಮನೆಗೆ ಹೋದವರ ಅರ್ಜಿ ಎರಡನೆಯ ಬಾಗಿಲಲ್ಲಿ ಬಿದ್ದಿರಬಹುದಿತ್ತು.

ಕಾಗದದ ಕಾಲದಲ್ಲಿ ಇಂಥ ತಪ್ಪು ಮನುಷ್ಯರೊಬ್ಬರ ಕಣ್ಣಿಗೆ ಬೀಳುತ್ತಿತ್ತು, ತೂಗಿ ನೋಡಲು ಅವಕಾಶವಿತ್ತು. ಯಂತ್ರಕ್ಕೆ ಆ ವಿವೇಚನೆ ಇಲ್ಲ. ಎನ್‌ಐಎಚ್ ಇದನ್ನು ಮನಗಂಡು, ಕೊನೆಯ ದಿನ ಕಳೆದ ಮೇಲೂ ಪರಿಶೀಲನೆ ಗುರುತಿಸಿದ ತಪ್ಪುಗಳನ್ನು ತಿದ್ದಲು ಕೆಲವು ದಿನಗಳ ಅವಕಾಶ ಕೊಟ್ಟಿತ್ತು. ಇಡೀ ಪರಿವರ್ತನೆಯಲ್ಲಿ ಅರ್ಜಿದಾರರ ಕಡೆಯಿಂದ ಯೋಚಿಸಿದ ಅತ್ಯುತ್ತಮ ಏರ್ಪಾಡು ಅದೇ. 2011ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಅಲ್ಲಿಂದ ಮುಂದೆ ಅರ್ಜಿದಾರ ಸಂಸ್ಥೆಯ ಸ್ಥಳೀಯ ಸಮಯ ಸಂಜೆ 5ಕ್ಕೆ ತಪ್ಪಿಲ್ಲದ ಅರ್ಜಿ ಒಳಗಿರಬೇಕು. ಸಲ್ಲಿಸಿದ ಅರ್ಜಿಯನ್ನು ಎರಡು ಕೆಲಸದ ದಿನ ನೋಡಬಹುದು. ಗಡುವು ಮುಗಿದಿದ್ದರೆ ತಿದ್ದುವಂತಿಲ್ಲ. ಎಲ್ಲರಿಗೂ ಒಂದೇ ನಿಯಮವೆಂಬ ಎನ್‌ಐಎಚ್ ವಾದದಲ್ಲಿ ನ್ಯಾಯವಿದೆ. ಆದರೂ ಅರ್ಜಿ ಸಲ್ಲಿಕೆಗೇ ಪ್ರತ್ಯೇಕ ಸಿಬ್ಬಂದಿ ಇಟ್ಟಿರುವ ದೊಡ್ಡ ವಿಶ್ವವಿದ್ಯಾಲಯಕ್ಕೂ, ಪಾಠ ಮಾಡುತ್ತಲೇ ಒಬ್ಬರೇ ಎಲ್ಲ ನೋಡಿಕೊಳ್ಳುವ ಸಣ್ಣ ಕಾಲೇಜಿಗೂ ಆ ಸಂಜೆ ಐದು ಗಂಟೆ ಒಂದೇ ತೂಕದ್ದಲ್ಲ.

ಸಲ್ಲಿಸುವ ಗುಂಡಿ ಒತ್ತುವ ಹಕ್ಕು ವಿಜ್ಞಾನಿಯದಲ್ಲ, ಸಂಸ್ಥೆಯ ಅಧಿಕೃತ ಪ್ರತಿನಿಧಿಯದು. ಆ ಪ್ರತಿನಿಧಿಯಾಗಬೇಕಾದರೆ ಮೊದಲು ಸಂಸ್ಥೆಗೆ ಡನ್ಸ್ ಎಂಬ ಗುರುತಿನ ಸಂಖ್ಯೆ ಇರಬೇಕಿತ್ತು, ಆಮೇಲೆ ಗುತ್ತಿಗೆದಾರರ ಕೇಂದ್ರ ನೋಂದಣಿ, ಆಮೇಲೆ ಗ್ರ್ಯಾಂಟ್ಸ್ ಡಾಟ್ ಗವ್ ನೋಂದಣಿ, ಕೊನೆಗೆ ಇಆರ್‌ಎ ಕಾಮನ್ಸ್. ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಮರೆತರೆ ಅರ್ಜಿ ಎಷ್ಟೇ ಚೆನ್ನಾಗಿರಲಿ, ಒಳಗೆ ಹೋಗದು. 2012ರಲ್ಲಿ ಆ ನೋಂದಣಿ ಸ್ಯಾಮ್ ಎಂಬ ಹೊಸ ವ್ಯವಸ್ಥೆಗೆ ಬದಲಾಯಿತು, 2022ರ ಏಪ್ರಿಲ್‌ನಲ್ಲಿ ಡನ್ಸ್ ಸಂಖ್ಯೆ ಹೋಗಿ ಯುಇಐ ಎಂಬ ಗುರುತಿನ ಸಂಕೇತ ಬಂತು. ಅಮೆರಿಕದ ಹೊರಗಿನ ಸಂಸ್ಥೆಗೆ ಇನ್ನೊಂದು ಮೆಟ್ಟಿಲು ಹೆಚ್ಚು: ಬೆಂಗಳೂರಿನ ವೈದ್ಯಕೀಯ ಸಂಶೋಧನಾ ಕೇಂದ್ರವೊಂದು ನೇರವಾಗಿ ಎನ್‌ಐಎಚ್‌ಗೆ ಅರ್ಜಿ ಹಾಕಬೇಕಾದರೆ ಎನ್‌ಕೇಜ್ ಎಂಬ ಗುರುತಿನ ಸಂಕೇತವನ್ನೂ ಮೊದಲೇ ಪಡೆದಿರಬೇಕು. ಅರ್ಜಿ ಬರೆಯುವ ಮುಂಚೆಯೇ ವಾರಗಟ್ಟಲೆ ಹಿಡಿಯುವ ಈ ಕೆಲಸ ಎಲೆಕ್ಟ್ರಾನಿಕ್ ವ್ಯವಸ್ಥೆಯ ಉಳಿತಾಯದ ಲೆಕ್ಕದಲ್ಲಿ ಎಲ್ಲೂ ಕಾಣಿಸುವುದಿಲ್ಲ.

2009ರಲ್ಲಿ ಆ ಒಂದೇ ಬಾಗಿಲಿನ ಬಲ ಪರೀಕ್ಷೆಗೆ ಬಂತು. ಆರ್ಥಿಕ ಕುಸಿತ ತಡೆಯಲು ಅಮೆರಿಕ ಫೆಬ್ರವರಿಯಲ್ಲಿ ಚೇತರಿಕೆ ಕಾಯಿದೆ ತಂದು ಅನುದಾನದ ಹಣವನ್ನು ದಿಢೀರನೆ ಹೆಚ್ಚಿಸಿತು. ಎನ್‌ಐಎಚ್ ಘೋಷಿಸಿದ ಚಾಲೆಂಜ್ ಗ್ರ್ಯಾಂಟ್ ಒಂದಕ್ಕೇ ಸುಮಾರು 20,000 ಅರ್ಜಿಗಳು ಬಂದವು. ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ಶ್ವೇತಭವನದ ಬಜೆಟ್ ಕಚೇರಿ ಸುತ್ತೋಲೆ ಹೊರಡಿಸಿ, ವ್ಯವಸ್ಥೆ ಭಾರ ತಡೆಯಲಾರದೆ ಕುಸಿಯುವ ಅಪಾಯವಿದೆ, ಇಲಾಖೆಗಳು ಬೇರೆ ದಾರಿ ನೋಡಿಕೊಳ್ಳಿ ಎಂದಿತ್ತು. ಏಕೀಕರಣಕ್ಕೆಂದು ಕಟ್ಟಿದ್ದನ್ನು ಬಿಟ್ಟು ಹಲವು ಇಲಾಖೆಗಳು ಮತ್ತೆ ತಮ್ಮತಮ್ಮ ಪೋರ್ಟಲ್‌ಗೆ, ಇಮೇಲ್‌ಗೆ ಮರಳಿದವು. ಅದೇ ವರ್ಷದ ಜುಲೈನಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ನೀಡಿದ ವರದಿ ಸರ್ವರಿನ ನಿಧಾನಗತಿಯಲ್ಲೇ ನಿಲ್ಲಲಿಲ್ಲ. ಸಕಾಲವೆಂದರೆ ಏನು ಎಂಬುದಕ್ಕೆ ಇಲಾಖೆಗೊಂದು ವ್ಯಾಖ್ಯಾನವಿದೆ, ವ್ಯವಸ್ಥೆಯ ದೋಷದಿಂದ ತಡವಾದರೆ ಅರ್ಜಿದಾರನ ಗತಿ ಏನೆಂಬುದಕ್ಕೆ ಏಕರೂಪದ ಉತ್ತರವಿಲ್ಲ ಎಂಬುದನ್ನೂ ಅದು ಎತ್ತಿ ತೋರಿಸಿತು. ಬಾಗಿಲನ್ನು ಒಂದು ಮಾಡಿದವರು ನಿಯಮವನ್ನು ಒಂದು ಮಾಡಿರಲಿಲ್ಲ.

ನಮ್ಮ ದೇಶ ಇದಕ್ಕೆ ವಿರುದ್ಧ ತುದಿಯಿಂದ ಹೊರಟಿತು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಒಂದು ಪೋರ್ಟಲ್, ಜೈವಿಕ ತಂತ್ರಜ್ಞಾನ ಇಲಾಖೆಗೆ ಇ-ಪ್ರೊಮಿಸ್, 2008ರ ಕಾಯಿದೆಯಿಂದ ಹುಟ್ಟಿದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಗೆ (ಸರ್ಬ್) ಇನ್ನೊಂದು. ಅದೇ ಪ್ರಾಧ್ಯಾಪಕರು ಅದೇ ಪ್ರಕಟಣೆಗಳ ಪಟ್ಟಿಯನ್ನು ಮೂರು ಕಡೆ ತುಂಬಬೇಕಿತ್ತು. ಆನ್‌ಲೈನ್ ಆದರೂ ಕಾಗದ ಪೂರ್ತಿ ಬಿಡಲಿಲ್ಲ: ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಮುಖ್ಯಸ್ಥರ ಸಹಿ, ಮೊಹರು ಇರುವ ಅನುಮೋದನಾ ಪತ್ರವನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಬೇಕಿತ್ತು. ಪ್ರಾಂಶುಪಾಲರು ರಜೆಯಲ್ಲಿದ್ದರೆ ಅರ್ಜಿಯೂ ಕಾಯಬೇಕಿತ್ತು. 2023ರ ಕಾಯಿದೆಯಡಿ ರೂಪುಗೊಂಡ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಸರ್ಬ್ ಅನ್ನು ತನ್ನೊಳಗೆ ಸೇರಿಸಿಕೊಂಡಿತು. ಅನುದಾನ ಐಐಟಿ, ಐಐಎಸ್‌ಸಿಗಳಾಚೆ ರಾಜ್ಯ ವಿಶ್ವವಿದ್ಯಾಲಯಗಳಿಗೂ ಹರಿಯಬೇಕೆಂಬುದು ಅದರ ಘೋಷಿತ ಗುರಿಗಳಲ್ಲೊಂದು. ಕಲಬುರಗಿಯ, ಶಿವಮೊಗ್ಗದ ಅಧ್ಯಾಪಕರಿಗೆ ಆ ಹಣ ತಲುಪಬೇಕಾದರೆ ಪೋರ್ಟಲ್ ತೆರೆದಿಟ್ಟರೆ ಸಾಲದು. ಕೊನೆಯ ದಿನ ಫೋನ್ ಎತ್ತುವ ಸಹಾಯವಾಣಿ ಬೇಕು, ತಾಂತ್ರಿಕ ತಪ್ಪಿಗೆ ತಿದ್ದುಪಡಿಯ ಅವಕಾಶ ಬೇಕು. ಎನ್‌ಐಎಚ್ ಕೊಟ್ಟು ಹಿಂದೆಗೆದುಕೊಂಡದ್ದನ್ನು ನಾವು ನಿಯಮಾವಳಿಯಲ್ಲೇ ಬರೆದಿಡಬೇಕು.

ಸಲ್ಲಿಕೆ ಸಲೀಸಾದಂತೆ ಅಮೆರಿಕದಲ್ಲಿ ಬೇರೊಂದು ತಲೆನೋವು ಕಾಣಿಸಿಕೊಂಡಿದೆ. ಕೃತಕ ಬುದ್ಧಿಮತ್ತೆಯ ನೆರವು ಸಿಕ್ಕ ಮೇಲೆ ಒಬ್ಬರೇ ಸಂಶೋಧಕರು ಒಂದು ಸುತ್ತಿನಲ್ಲಿ 40ಕ್ಕೂ ಹೆಚ್ಚು ಅರ್ಜಿ ಹಾಕಿದ ಪ್ರಸಂಗವನ್ನು ಎನ್‌ಐಎಚ್ ತಾನೇ ಹೇಳಿಕೊಂಡಿದೆ. 2025ರ ಸೆಪ್ಟೆಂಬರ್ 25ರಿಂದ ಒಬ್ಬ ಸಂಶೋಧಕರಿಂದ ವರ್ಷಕ್ಕೆ ಆರೇ ಅರ್ಜಿ ಎಂಬ ಮಿತಿ ಬಂದಿದೆ. ಅರ್ಜಿಗಳನ್ನು ಓದಿ ತೀರ್ಮಾನಿಸುವವರು ಈಗಲೂ ವಿಜ್ಞಾನಿಗಳೇ, ಅವರ ದಿನಕ್ಕೆ ಇರುವ ಗಂಟೆಗಳು ಬೆಥೆಸ್ಡಾಕ್ಕೆ ಕಟ್ಟು ಹೋಗುತ್ತಿದ್ದ ಕಾಲದಲ್ಲಿ ಇದ್ದಷ್ಟೇ.